ಕೇಸು ಮೇಲಿನ ಕೋರ್ಟಿಗೆ ಹೋದರೆ ಜಾಮೀನು ಏನಾಗುತ್ತದೆ: ಜಾಮೀನು ನಿಂತವನ ಅನುಭವ

"ತಮ್ಮಾ, ಕೇಸು ಕಲಬುರಗಿಗೆ ಹೋಗ್ತದಂತ. ಹುಡುಗನ್ನ ಮತ್ತ ಒಳಗ ಹಾಕ್ತಾರೇನೋ?"

ಅಕ್ಕ ಫೋನಿನಲ್ಲಿ ಕೇಳಿದ ಮಾತಿದು. ಅವಳ ಮಗನ ಕೇಸು ಅಲ್ಲಿಯವರೆಗೆ ತಾಲ್ಲೂಕಿನ ಜೆಎಂಎಫ್‌ಸಿ ಕೋರ್ಟಿನಲ್ಲಿ, ಅಂದರೆ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ, ಇತ್ತು. ಇನ್ನು ಕಲಬುರಗಿಯ ಸೆಷನ್ಸ್ ಕೋರ್ಟಿಗೆ ಹೋಗಬೇಕಿತ್ತು. ಕೆಳಗಿನ ಕೋರ್ಟಿನ ಬೇಲ್ ಕೆಳಗಿನ ಕೋರ್ಟಿಗಷ್ಟೇ, ಮೇಲೆ ಹೋದರೆ ಅದು ನಡೆಯೋದಿಲ್ಲ ಎಂದು ಊರಿನಲ್ಲಿ ಯಾರೋ ಅವಳಿಗೆ ಹೇಳಿದ್ದರು. ಅಂದಿನಿಂದ ಅವಳು ಸರಿಯಾಗಿ ಉಂಡಿರಲಿಲ್ಲ.

ನನಗೆ ಅಳಿಯನ ಚಿಂತೆಯ ಜೊತೆ ಇನ್ನೊಂದು ಚಿಂತೆಯೂ ಇತ್ತು. ಅವನಿಗೆ ಜಾಮೀನು ನಿಂತವನು ನಾನು. ಹುಮನಾಬಾದ್ ಕಡೆ ನನಗಿರುವ ಹೊಲದ ಪಹಣಿ ಕೊಟ್ಟು, ಒಂದು ಲಕ್ಷ ರೂಪಾಯಿಯ ಬಾಂಡಿಗೆ ಸಹಿ ಹಾಕಿದ್ದೆ. ಕೋರ್ಟು ಬದಲಾದರೆ ನನ್ನ ಸಹಿಯ ಕಥೆ ಏನು? ಅದು ಮುಗಿಯಿತಾ, ಮುಂದುವರಿಯಿತಾ, ಇಲ್ಲ ಮತ್ತೆ ಹೋಗಿ ನಿಲ್ಲಬೇಕಾ? ಜಾಮೀನುದಾರನಿಗೆ ಇದನ್ನೆಲ್ಲ ಕೂರಿಸಿ ಹೇಳುವವರು ಕಡಿಮೆ. ಆರೋಪಿಗೆ ವಕೀಲರಿರುತ್ತಾರೆ. ಫಿರ್ಯಾದಿ ಕಡೆಗೆ ಸರ್ಕಾರಿ ವಕೀಲರಿರುತ್ತಾರೆ. ಜಾಮೀನು ಕೊಡಲು ಬಂದವನು ಪಹಣಿ ಹಿಡಿದು ಬಾಗಿಲ ಹತ್ತಿರ ನಿಂತಿರುತ್ತಾನೆ. ನನ್ನ ಹಾಗೆ ನಿಲ್ಲುವ ಮಾವ, ಕಾಕಾ, ಗೆಳೆಯ ಎಲ್ಲ ಊರಲ್ಲೂ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೇಸು ಹುಟ್ಟಿದ್ದು ಬದುವಿನ ಜಗಳದಿಂದ. 2017ರ ಮಳೆಗಾಲ. ತೊಗರಿ ಸಾಲು ಎದ್ದಿತ್ತು. ಪಕ್ಕದ ಹೊಲದವರ ಜೊತೆ ನೀರು ಹರಿಯುವ ದಾರಿಗಾಗಿ ಮಾತಿಗೆ ಮಾತು ಬೆಳೆಯಿತು. ಬಡಿದಾಟವಾಗಿ ಒಬ್ಬರ ತಲೆಗೆ ಪೆಟ್ಟು ಬಿತ್ತು. ಪೆಟ್ಟು ತಿಂದವರೂ ನಮಗೆ ಗೊತ್ತಿದ್ದವರೇ. ಅವರು ಆಸ್ಪತ್ರೆ ಸೇರಿದ್ದು ನಿಜ, ಅವರ ಮನೆಯವರ ಸಂಕಟವೂ ನಿಜ. ಯಾರದು ಸರಿ, ಯಾರದು ತಪ್ಪು ಎಂದು ಬರೆಯಲು ನಾನಿಲ್ಲಿ ಕುಳಿತಿಲ್ಲ. ಪೊಲೀಸರು ಐಪಿಸಿ 307 ಹಾಕಿದರು, ಅಂದರೆ ಕೊಲೆ ಯತ್ನ. ಜೊತೆಗೆ 324, 504, 506. ಆರೋಪಿಗಳು ಮೂವರು. ಅಳಿಯ, ಅವನ ಕಾಕಾ, ಕಾಕಾನ ಮಗ.

307ರಲ್ಲಿ ಗಾಯ ಆಗಿದ್ದರೆ ಜೀವಾವಧಿವರೆಗೂ ಶಿಕ್ಷೆ ಆಗಬಹುದು. ಮರಣದಂಡನೆ ಅಥವಾ ಜೀವಾವಧಿ ಆಗಬಹುದಾದ ಕೇಸಿನಲ್ಲಿ ಮ್ಯಾಜಿಸ್ಟ್ರೇಟರು ಬೇಲ್ ಕೊಡಲು ಕಾನೂನಿನ ತಡೆ ಇದೆ. ಹೆಂಗಸರು, ಮಕ್ಕಳು, ಕಾಯಿಲೆ ಬಿದ್ದವರಿಗೆ ಮಾತ್ರ ಸ್ವಲ್ಪ ಬೇರೆ ದಾರಿ ಉಂಟು. ಹಾಗಾಗಿ ವಕೀಲರು ಬೇಲ್ ಅರ್ಜಿಯನ್ನು ಸೀದಾ ಕಲಬುರಗಿಯ ಸೆಷನ್ಸ್ ಕೋರ್ಟಿಗೆ ಹಾಕಿದರು. ಅಳಿಯ ಸ್ವಲ್ಪ ಕಾಲ ಜೈಲಿನಲ್ಲಿದ್ದ. ಆಮೇಲೆ ಬೇಲ್ ಸಿಕ್ಕಿತು. ಒಂದು ಲಕ್ಷದ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ಸಾಕ್ಷಿಗಳನ್ನು ಹೆದರಿಸಬಾರದು, ಅಪ್ಪಣೆ ಇಲ್ಲದೆ ಜಿಲ್ಲೆ ಬಿಡಬಾರದು, ಚಾರ್ಜ್‌ಶೀಟ್ ಆಗುವವರೆಗೆ ಠಾಣೆಗೆ ಹೋಗಿ ಸಹಿ ಮಾಡಬೇಕು. ಇವು ಷರತ್ತುಗಳು.

ಇಲ್ಲೇ ಒಂದು ವಿಷಯ ಗಮನಿಸಬೇಕು. ಬೇಲ್ ಕೊಟ್ಟಿದ್ದು ಮೇಲಿನ ಕೋರ್ಟು. ಆದರೆ ಬಾಂಡು ಬರೆದುಕೊಡುವುದು ಕೇಸು ಇರುವ ಕೋರ್ಟಿನಲ್ಲಿ. ನಮ್ಮದು ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಾಯಿತು. ಮುಂದೆ ಬಂದ ಗೊಂದಲಕ್ಕೆಲ್ಲ ಇದೇ ಮೂಲ. ಊರವರು ಬಾಂಡು ಎಲ್ಲಿ ಬರೆದರೋ ಬೇಲೂ ಅಲ್ಲಿಯದೇ ಎಂದುಕೊಂಡಿದ್ದರು.

ಬಾಂಡಿನ ದಿನ ನಾನು ಆಧಾರ್, ಫೋಟೊ, ಪಹಣಿ ತೆಗೆದುಕೊಂಡು ಹೋದೆ. ಹೊರಗೆ ಒಬ್ಬರು, "ನೀವು ಬೀದರ್ ಜಿಲ್ಲಾದವ್ರು, ನಿಮ್ಮ ಜಾಮೀನು ಇಲ್ಲಿ ನಡೆಯಂಗಿಲ್ರಿ" ಎಂದರು. ವಕೀಲರು ಅದಕ್ಕೆ ಜಗ್ಗಲಿಲ್ಲ. 1978ರಲ್ಲೇ ಮೋತಿ ರಾಮ್ ಎಂಬ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದೆ ಎಂದರು. ಆತ ಮಧ್ಯಪ್ರದೇಶದ ಒಬ್ಬ ಗೌಂಡಿ. ಅವನ ಜಾಮೀನುದಾರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಕೆಳಗಿನ ಕೋರ್ಟು ಒಪ್ಪಿರಲಿಲ್ಲ. ಅದು ಸರಿಯಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ನಮ್ಮ ಮ್ಯಾಜಿಸ್ಟ್ರೇಟರು ಆ ಪ್ರಶ್ನೆ ಎತ್ತಲೇ ಇಲ್ಲ. ಹೊಲ ಎಷ್ಟಿದೆ, ಹುಡುಗ ಏನಾಗಬೇಕು, ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀರಾ, ಇಷ್ಟೇ ಕೇಳಿದರು. ಕೊನೆಯ ಪ್ರಶ್ನೆಗೆ ಉತ್ತರವನ್ನು ಬರೆದೇ ಕೊಡಬೇಕು, ಅದು ಕಾನೂನಿನಲ್ಲೇ ಇದೆ.

ಸಹಿ ಹಾಕುವ ಮೊದಲು ನಾನು ಬಾಂಡನ್ನು ಪೂರ್ತಿ ಓದಿದೆ. ಗುಮಾಸ್ತರು ಅವಸರ ಮಾಡುತ್ತಿದ್ದರು. ಆದರೂ ಓದಿದೆ. ಆರೋಪಿ ಈ ಕೋರ್ಟಿನಲ್ಲಿ ಕರೆದಾಗ ಹಾಜರಾಗಬೇಕು, ಕೇಸು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದರೆ ಅಲ್ಲೂ ಹಾಜರಾಗಬೇಕು, ತಪ್ಪಿದರೆ ನಾನು ಒಂದು ಲಕ್ಷ ಕಟ್ಟಬೇಕು. ಅದರ ತಿರುಳು ಇಷ್ಟು. ಹೊಲ ಅಡವಿಟ್ಟಿದ್ದೇನೆ ಎಂದು ಎಲ್ಲೂ ಇರಲಿಲ್ಲ. ಜಾಮೀನು ನಿಂತರೆ ಹೊಲ ಕೋರ್ಟಿನ ಹೆಸರಿಗೆ ಹೋಗುತ್ತದೆ ಎಂದು ನಮ್ಮ ಕಡೆ ಬಹಳ ಜನ ಹೆದರುತ್ತಾರೆ. ಹಾಗೇನೂ ಇಲ್ಲ. ಪಹಣಿ ಕೇಳುವುದು ದುಡ್ಡು ಕಟ್ಟುವ ಶಕ್ತಿ ಇದೆಯಾ ಎಂದು ನೋಡಲು. ಆದರೆ ಇದು ಬರೀ ಕಾಗದ ಎಂದು ಹಗುರವಾಗಿಯೂ ತಗೋಬಾರದು. ಆರೋಪಿ ಬಾರದೆ ಹೋದರೆ ಬಾಂಡಿನ ಹಣವನ್ನು ದಂಡದ ಹಾಗೆ ವಸೂಲಿ ಮಾಡುತ್ತಾರೆ. ವಸೂಲಿ ಆಗದಿದ್ದರೆ ಜಾಮೀನುದಾರನನ್ನು ಆರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಲೂ ಕೋರ್ಟಿಗೆ ಅಧಿಕಾರ ಇದೆ.

ಚಾರ್ಜ್‌ಶೀಟ್ ಬಂತು. ಠಾಣೆಗೆ ಹೋಗಿ ಸಹಿ ಮಾಡುವ ಷರತ್ತು ಅಲ್ಲಿಗೆ ಮುಗಿಯಿತು. ಆಮೇಲೆ ಬಂದ ಮಾತೇ ಕಮಿಟ್. 307ರಂಥ ಕೇಸನ್ನು ಸೆಷನ್ಸ್ ಕೋರ್ಟು ಮಾತ್ರ ನಡೆಸಬಹುದು. ಚಾರ್ಜ್‌ಶೀಟ್ ಮೊದಲು ಮ್ಯಾಜಿಸ್ಟ್ರೇಟರ ಹತ್ತಿರ ಬರುತ್ತದೆ. ಅವರು ಆರೋಪಿಗಳಿಗೆ ಅದರ ನಕಲು ಕೊಟ್ಟು, ಕೇಸನ್ನು ಮೇಲಕ್ಕೆ ಒಪ್ಪಿಸುತ್ತಾರೆ. ಯಾರು ಹೊಡೆದರು, ಹೊಡೆದರೋ ಇಲ್ಲವೋ, ಅದನ್ನೆಲ್ಲ ಅವರು ಆ ಹಂತದಲ್ಲಿ ತೂಗಿ ನೋಡುವುದಿಲ್ಲ.

ಆ ತಾರೀಖಿನ ಹಿಂದಿನ ವಾರವೇ ಅಕ್ಕನ ಫೋನು ಬಂದಿದ್ದು. ಕಾರಣ ಆಮೇಲೆ ಗೊತ್ತಾಯಿತು. ಕೋರ್ಟಿನ ಗೇಟಿನ ಹತ್ತಿರ ಓಡಾಡಿಕೊಂಡಿರುವ ಒಬ್ಬ ಮನುಷ್ಯ ಅವಳ ಗಂಡನನ್ನು, ಅಂದರೆ ನಮ್ಮ ಮಾವನನ್ನು, ಹಿಡಿದಿದ್ದ. ಅವನು ವಕೀಲನೂ ಅಲ್ಲ, ಗುಮಾಸ್ತನೂ ಅಲ್ಲ. "ಸೆಷನ್ಸ್‌ಗೆ ಹೋದ ದಿನಾನೇ ಹುಡುಗನ್ನ ಕಸ್ಟಡಿಗೆ ತಗೋತಾರ. ಮೊದಲೇ ಹೊಸ ಬೇಲ್ ಮಾಡಿಸ್ಬೇಕು. ನಲವತ್ತು ಸಾವಿರ ಆಗ್ತದ" ಎಂದಿದ್ದ. ಮಾವ ಆಗಲೇ ತೊಗರಿ ವ್ಯಾಪಾರಿಯ ಹತ್ತಿರ ಮುಂಗಡ ಕೇಳಲು ಹೊರಟಿದ್ದರು. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಮಗ ಜೈಲಿಗೆ ಹೋಗುತ್ತಾನೆ ಎಂದರೆ ಯಾವ ತಂದೆ ಲೆಕ್ಕ ಕೇಳುತ್ತಾನೆ? ಆ ಹೆದರಿಕೆಯನ್ನೇ ಮಾರಿಕೊಂಡು ಬದುಕುವವರು ಇದ್ದಾರೆ.

ನಾನು ಮಾವನನ್ನು ತಡೆದೆ. ಹುಮನಾಬಾದಿನಿಂದ ಬಸ್ಸು ಹತ್ತಿ ಕಲಬುರಗಿಗೆ ಹೋಗಿ ವಕೀಲರ ಎದುರು ಕುಳಿತೆ. ನನ್ನ ಬಾಂಡಿನ ಜೆರಾಕ್ಸ್ ನನ್ನ ಹತ್ತಿರ ಇತ್ತು. ಅವರು ಅದನ್ನು ಓದಿ, ಸೆಷನ್ಸ್ ಕೋರ್ಟು ಎಂದಿದ್ದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು.

"ನೋಡ್ರಿ, ಇದೊಂದು ಸಾಲು ಇದ್ದರೆ ಸಾಕು" ಎಂದರು. "ಬೇಲ್ ಕೊಟ್ಟಿದ್ದೇ ಸೆಷನ್ಸ್ ಕೋರ್ಟು. ಅದನ್ನ ರದ್ದು ಮಾಡಬೇಕಾದರ ಯಾರಾದರೂ ಅರ್ಜಿ ಹಾಕ್ಬೇಕು, ಕಾರಣ ತೋರಿಸ್ಬೇಕು, ನಮ್ಮ ಮಾತೂ ಕೇಳ್ಬೇಕು. ಫೈಲು ಒಂದು ಕೋಣಿಯಿಂದ ಇನ್ನೊಂದು ಕೋಣಿಗೆ ಹೋದ ಮಾತ್ರಕ್ಕ ಬೇಲ್ ಬೀಳೋದಿಲ್ರಿ."

ನಾನು ಬಿಡಲಿಲ್ಲ. ಬೇಲನ್ನು ಮ್ಯಾಜಿಸ್ಟ್ರೇಟರೇ ಕೊಟ್ಟಿದ್ದರೆ ಆಗ ಏನಾಗುತ್ತಿತ್ತು ಎಂದು ಕೇಳಿದೆ. ಅವರು 1982ರ ಒಂದು ತೀರ್ಪಿನ ಮಾತು ಹೇಳಿದರು. ಜಮ್ಶೆಡ್‌ಪುರದ ಉಚಿತ ಕಾನೂನು ನೆರವು ಸಮಿತಿಯೊಂದು ಬಿಹಾರ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮ್ಯಾಜಿಸ್ಟ್ರೇಟರಿಂದ ಬೇಲ್ ಪಡೆದವರು ಕೇಸು ಕಮಿಟ್ ಆದಾಗ ಮತ್ತೆ ಸೆಷನ್ಸ್ ಕೋರ್ಟಿನಲ್ಲಿ ಹೊಸ ಬೇಲಿಗೆ ಅಲೆಯಬೇಕಾಗುತ್ತಿತ್ತು. ಅದು ಸುಮ್ನೆ ತೊಂದರೆ ಎಂದು ಸುಪ್ರೀಂ ಕೋರ್ಟು ಹೇಳಿತು. ಬೇಲ್ ಕೊಡುವಾಗಲೇ ಮ್ಯಾಜಿಸ್ಟ್ರೇಟರು ಎರಡೂ ಕೋರ್ಟುಗಳಿಗೆ ಹಾಜರಾಗುತ್ತೇನೆ ಎಂದು ಬಾಂಡು ಬರೆಸಿಕೊಂಡರೆ ಸಾಕು, ಆಗ ಹೊಸ ಅರ್ಜಿ ಬೇಕಾಗುವುದಿಲ್ಲ. ಕ್ರಿಮಿನಲ್ ಕೇಸು ನಡೆಸುವ ಕಾನೂನಾದ ಸಿಆರ್‌ಪಿಸಿಯ 441ನೇ ಸೆಕ್ಷನ್ನಿನಲ್ಲೂ ಇದಕ್ಕೆ ದಾರಿ ಇದೆ. ಕೇಸಿಗೆ ಅಗತ್ಯವಿದ್ದರೆ ಸೆಷನ್ಸ್ ಕೋರ್ಟಿಗೂ, ಹೈಕೋರ್ಟಿಗೂ ಹಾಜರಾಗುವಂತೆ ಬಾಂಡು ಬರೆಸಿಕೊಳ್ಳಬಹುದು.

ಎಲ್ಲ ಕಡೆ ಇದು ಇಷ್ಟು ಸಲೀಸಾಗಿ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಬಾಂಡಿನಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿನ ಹೆಸರೊಂದೇ ಇದ್ದರೆ ಸೆಷನ್ಸ್ ಕೋರ್ಟು ಹೊಸ ಬಾಂಡು ಕೇಳುವುದುಂಟು. ಕೆಲವು ಕಡೆ ರೂಢಿಯೇ ಹಾಗಿದೆ, ಜಾಮೀನುದಾರರನ್ನು ಮತ್ತೆ ಕರೆಸಿ ಬರೆಸಿಕೊಳ್ಳುತ್ತಾರೆ. ಹಾಗೆ ಕೇಳಿದರೆ ಬೇಲ್ ಹೋಯಿತು ಎಂದರ್ಥ ಅಲ್ಲ. ಕೇಳುತ್ತಿರುವುದು ಹೊಸ ಬಾಂಡು, ಹೊಸ ಬೇಲ್ ಅಲ್ಲ. ಇವೆರಡರ ನಡುವಿನ ವ್ಯತ್ಯಾಸ ಗೊತ್ತಿದ್ದರೆ ಗೇಟಿನ ಹತ್ತಿರದ ನಲವತ್ತು ಸಾವಿರ ಉಳಿಯುತ್ತದೆ.

ಮಾವನಿಗೆ ಧೈರ್ಯ ಬರಲಿ ಎಂದು ಕೋರ್ಟಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೂ ಅವರನ್ನು ಕರೆದುಕೊಂಡು ಹೋದೆ. ಅಲ್ಲಿ ಕುಳಿತಿದ್ದ ವಕೀಲರು ಕಾಗದ ನೋಡಿ ಇದೇ ಮಾತು ಹೇಳಿದರು, ಒಂದು ರೂಪಾಯಿ ತೆಗೆದುಕೊಳ್ಳದೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಜೈಲಿನಲ್ಲಿರುವವರು, ಕಡಿಮೆ ಆದಾಯದವರು ಅಲ್ಲಿ ಉಚಿತ ವಕೀಲರನ್ನೂ ಕೇಳಬಹುದು. ಫೋನ್ ಮಾಡುವುದಾದರೆ 15100. ಈ ನಂಬರು ಪ್ರತಿ ಹಳ್ಳಿಯ ಪಂಚಾಯಿತಿ ಗೋಡೆ ಮೇಲೆ ದೊಡ್ಡದಾಗಿ ಬರೆದಿರಬೇಕು.

ಕಮಿಟ್ ಆದ ದಿನ ದೊಡ್ಡದೇನೂ ನಡೆಯಲಿಲ್ಲ. ಹೆಸರು ಕೂಗಿದರು. ಮೂವರೂ ಹೋಗಿ ನಿಂತರು. ನಕಲು ಸಿಕ್ಕಿದೆ ಎಂದು ಸಹಿ ಹಾಕಿದರು. ಆರೋಪಿಗಳು ಬೇಲಿನ ಮೇಲಿದ್ದಾರೆ, ಅವರ ಬಾಂಡು ಮತ್ತು ಜಾಮೀನುದಾರರ ಬಾಂಡು ಮುಂದುವರಿಯುತ್ತವೆ, ಇಂಥ ತಾರೀಖಿಗೆ ಸೆಷನ್ಸ್ ಕೋರ್ಟಿನಲ್ಲಿ ಹಾಜರಾಗಬೇಕು ಎಂದು ಆದೇಶದಲ್ಲಿ ಬರೆದಿತ್ತು. ಅಳಿಯ ಹೊರಗೆ ಬಂದು, "ಇಷ್ಟೇ ಏನ್ ಮಾಮಾ?" ಎಂದ. ನಾನು ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿದೆ. ಬಾಂಡು ಮುಂದುವರಿಯುತ್ತದೆ ಎಂಬ ಸಾಲು ನನ್ನ ಕೈಯಲ್ಲಿ ಇರಬೇಕಿತ್ತು.

ಅಪಾಯ ಇದ್ದದ್ದು ಆ ದಿನದಲ್ಲಿ ಅಲ್ಲ, ಆಮೇಲಿನ ದಿನಗಳಲ್ಲಿ. ಕೆಳಗಿನ ಕೋರ್ಟಿನ ಸಿ.ಸಿ. ನಂಬರು ಅಲ್ಲಿಗೆ ಮುಗಿಯುತ್ತದೆ. ದಾಖಲೆ ಕಲಬುರಗಿಗೆ ಬಂದು ಹೊಸ ಎಸ್.ಸಿ., ಅಂದರೆ ಸೆಷನ್ಸ್ ಕೇಸಿನ, ನಂಬರು ಬೀಳುತ್ತದೆ. ಪ್ರಧಾನ ಜಿಲ್ಲಾ ನ್ಯಾಯಾಧೀಶರು ಅದನ್ನು ಯಾವುದಾದರೂ ಹೆಚ್ಚುವರಿ ಸೆಷನ್ಸ್ ಕೋರ್ಟಿಗೆ ವಹಿಸಬಹುದು. ಈ ನಡುವೆ ಕೇಸು ಎಲ್ಲಿದೆ, ಯಾವ ಹಾಲ್, ಯಾವ ತಾರೀಖು ಎಂದು ಹಳ್ಳಿಯವರಿಗೆ ತಿಳಿಯುವುದು ಕಷ್ಟ. ಹಳೆಯ ನಂಬರು ಹಿಡಿದು ಹುಡುಕಿದರೆ ಕೇಸು ಮುಗಿದಿದೆ ಎಂದು ತೋರಿಸುತ್ತದೆ. ಅದನ್ನು ನೋಡಿ ಕೇಸೇ ಹೋಯಿತು ಎಂದು ಖುಷಿಪಟ್ಟವರನ್ನು ನಾನು ಕಂಡಿದ್ದೇನೆ. ಹೊಸ ನಂಬರು ಬಿದ್ದ ಮೇಲೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸಿನ ಗುರುತಿನ ಹದಿನಾರು ಅಕ್ಷರದ ಸಿಎನ್ಆರ್ ನಂಬರು ಹಾಕಿದರೆ ಮುಂದಿನ ತಾರೀಖು ಸಿಗುತ್ತದೆ. ಅದನ್ನು ನಾನು ಅಳಿಯನ ಫೋನಿಗೂ ಹಾಕಿಕೊಟ್ಟೆ.

ಅವನ ಕಾಕಾನ ಮಗ ಮಾತ್ರ ಇಲ್ಲೇ ಸಿಕ್ಕಿಕೊಂಡ. ಅವನು ಕಟ್ಟಡ ಕೆಲಸಕ್ಕೆ ಪುಣೆಗೆ ಹೋಗಿದ್ದ. ನಮ್ಮ ಕಡೆಯ ಹುಡುಗರಿಗೆ ಪುಣೆ, ಮುಂಬೈ, ಹೈದರಾಬಾದು ಬಿಟ್ಟರೆ ಬೇಸಿಗೆಯಲ್ಲಿ ಕೆಲಸ ಎಲ್ಲಿದೆ? ಹೊಸ ಕೋರ್ಟಿನಿಂದ ಸಮನ್ಸ್ ಬರಲಿ, ಆಮೇಲೆ ಹೋದರಾಯಿತು ಎಂದು ಅವನು ಕೂತ. ಹಾಜರಾಗಬೇಕಾದ ತಾರೀಖನ್ನು ಮ್ಯಾಜಿಸ್ಟ್ರೇಟರು ಮೊದಲೇ ಹೇಳಿದ್ದರು. ಸೆಷನ್ಸ್ ಕೋರ್ಟಿನಲ್ಲಿ ಹೆಸರು ಕೂಗಿದಾಗ ಅವನು ಇರಲಿಲ್ಲ. ಜಾಮೀನಿಲ್ಲದ ವಾರಂಟು ಹೊರಟಿತು. ಅವನಿಗೆ ಜಾಮೀನು ನಿಂತಿದ್ದ ಹಿರಿಯರಿಗೆ ನೋಟಿಸು ಬಂತು, ಬಾಂಡಿನ ಹಣ ಯಾಕೆ ವಸೂಲಿ ಮಾಡಬಾರದು ಎಂದು. ಆ ಹಿರಿಯರು ನಡುಗುತ್ತ ಅಕ್ಕನ ಮನೆಗೆ ಬಂದರು. "ನಾ ಬೇಲ್ ಕೊಡ್ಸಿದ್ದು ತಾಲ್ಲೂಕಿನಾಗ. ಕಲಬುರಗಿಯವ್ರು ನನಗ ಯಾಕ ಕೇಳ್ತಾರ?" ಎನ್ನುವುದು ಅವರ ಪ್ರಶ್ನೆ. ಉತ್ತರ ಅವರ ಬಾಂಡಿನಲ್ಲೇ ಇತ್ತು. ನನ್ನ ಬಾಂಡಿನಲ್ಲಿದ್ದ ಅದೇ ಸಾಲು. ಹುಡುಗನನ್ನು ಉಳಿಸುವ ಸಾಲೇ ಜಾಮೀನುದಾರನನ್ನೂ ಕಟ್ಟಿಹಾಕುತ್ತದೆ.

ಹುಡುಗನನ್ನು ರಾತ್ರೋರಾತ್ರಿ ಕರೆಸಿದೆವು. ವಕೀಲರು ಅವನನ್ನು ಕೋರ್ಟಿನಲ್ಲಿ ನಿಲ್ಲಿಸಿ, ವಾರಂಟು ವಾಪಸ್ ಪಡೆಯಲು ಅರ್ಜಿ ಹಾಕಿದರು. ತಾನಾಗಿ ಬಂದಿದ್ದಾನೆ ಎಂಬುದನ್ನು ನ್ಯಾಯಾಧೀಶರು ಗಮನಿಸಿ ವಾರಂಟು ರದ್ದು ಮಾಡಿದರು. ಸ್ವಲ್ಪ ದಂಡ ಬಿತ್ತು, ಹೊಸ ಬಾಂಡು ಬರೆಯಬೇಕಾಯಿತು. ಪೊಲೀಸರು ಹಿಡಿದು ತಂದಿದ್ದರೆ ಜೈಲಿಗೆ ಹೋಗುವುದು ತಪ್ಪುತ್ತಿತ್ತೋ ಇಲ್ಲವೋ. ಆಮೇಲೆ ಅವನು ಹೊರಗೆ ದುಡಿಯಲು ಅಪ್ಪಣೆ ಕೇಳಿದ್ದು ಸೆಷನ್ಸ್ ಕೋರ್ಟಿನಲ್ಲಿ. ಕೇಸು ಮೇಲೆ ಹೋದ ಮೇಲೆ ಷರತ್ತು ಸಡಿಲ ಮಾಡುವ ಅಧಿಕಾರ ಕೆಳಗಿನ ಕೋರ್ಟಿಗೆ ಉಳಿಯುವುದಿಲ್ಲ. ಫೋನ್ ನಂಬರು, ಪುಣೆಯ ವಿಳಾಸ ಕೊಟ್ಟು, ಪ್ರತಿ ತಾರೀಖಿಗೆ ಬರುತ್ತೇನೆ ಎಂದು ಬರೆದುಕೊಟ್ಟ. ಅಪ್ಪಣೆ ಸಿಕ್ಕಿತು.

ಇನ್ನೊಂದು ಭಯ ನಮ್ಮ ತಲೆ ಮೇಲೆ ಬಹಳ ದಿನ ಇತ್ತು. ಪೆಟ್ಟು ತಿಂದವರ ಆರೋಗ್ಯ ಕೆಟ್ಟರೆ ಏನು ಎಂಬುದು. ಅವರು ಚೆನ್ನಾಗಿರಲಿ ಎಂದು ಅಕ್ಕ ಶರಣಬಸವೇಶ್ವರ ಗುಡಿಯಲ್ಲಿ ಹರಕೆ ಹೊತ್ತಿದ್ದಳು, ಅದು ಬರೀ ಮಗನಿಗಾಗಿ ಅಲ್ಲ. ಗಾಯಗೊಂಡವರು ತೀರಿಕೊಂಡರೆ 307 ಹೋಗಿ 302, ಅಂದರೆ ಕೊಲೆ ಕೇಸು, ಆಗುತ್ತದೆ. ಆಗ ಮೊದಲಿನ ಬೇಲ್ ಹೊಸ ಅಪರಾಧಕ್ಕೆ ತಾನಾಗಿ ಅನ್ವಯಿಸುವುದಿಲ್ಲ. 2019ರಲ್ಲಿ ಪ್ರದೀಪ್ ರಾಮ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರಿಸಿದೆ. ಬೇಲ್ ಸಿಕ್ಕ ಮೇಲೆ ಗಂಭೀರ ಸೆಕ್ಷನ್ ಸೇರಿದರೆ ಆರೋಪಿ ಶರಣಾಗಿ ಹೊಸದಾಗಿ ಬೇಲ್ ಕೇಳಬಹುದು, ಪೊಲೀಸರು ಬಂಧಿಸಬೇಕೆಂದರೆ ಕೋರ್ಟಿನ ಆದೇಶ ತರಬೇಕು. ಹಾಗಾಗಿ "ಕೇಸು ಮೇಲೆ ಹೋಯಿತು" ಎಂದು ಯಾರಾದರೂ ಹೇಳಿದರೆ, ಯಾಕೆ ಹೋಯಿತು ಎಂದು ಕೇಳಬೇಕು. ಇದ್ದ ಸೆಕ್ಷನ್ನಿನಲ್ಲೇ ಹೋಯಿತಾ, ಹೊಸ ಸೆಕ್ಷನ್ ಸೇರಿ ಹೋಯಿತಾ? ನಮ್ಮಲ್ಲಿ ಹಾಗಾಗಲಿಲ್ಲ. ಅವರು ಗುಣವಾಗಿ ಮತ್ತೆ ಹೊಲಕ್ಕೆ ಇಳಿದರು.

ವಿಚಾರಣೆ ವರ್ಷಗಟ್ಟಲೆ ನಡೆಯಿತು. ನಡುವೆ ಕೊರೊನಾ ಬಂತು. ಪುಣೆಯ ಹುಡುಗನಿಗೆ ನಿಂತಿದ್ದ ಹಿರಿಯರು ಆ ಕಾಲದಲ್ಲಿ ತೀರಿಕೊಂಡರು. ಜಾಮೀನುದಾರ ತೀರಿಕೊಂಡರೆ, ಅದಕ್ಕೆ ಮೊದಲು ಬಾಂಡು ಮುಟ್ಟುಗೋಲಾಗಿರದಿದ್ದರೆ, ಅವರ ಮಕ್ಕಳ ಮೇಲೆ ಆ ಭಾರ ಬರುವುದಿಲ್ಲ. ಆದರೆ ಆರೋಪಿ ಕೋರ್ಟಿಗೆ ಬೇರೆ ಜಾಮೀನು ಕೊಡಬೇಕಾಗುತ್ತದೆ. ನಾವು ಮೊದಲೇ ತಿಳಿಸಿ ಬೇರೆಯವರನ್ನು ನಿಲ್ಲಿಸಿದೆವು. ಜಾಮೀನು ನಿಂತವನಿಗೆ ಇನ್ನು ನನ್ನಿಂದ ಆಗದು ಅನಿಸಿದರೆ, ಬಿಡುಗಡೆ ಮಾಡಿ ಎಂದು ಅವನೂ ಅರ್ಜಿ ಹಾಕಬಹುದು. ಆಗ ಆರೋಪಿಯನ್ನು ಕರೆಸಿ ಬೇರೆ ಜಾಮೀನು ಕೇಳುತ್ತಾರೆ. ಸಂಬಂಧ ಕೆಟ್ಟುಹೋದ ಮನೆಗಳಲ್ಲಿ ಇದು ಗೊತ್ತಿರಬೇಕು.

2023ರಲ್ಲಿ ತೀರ್ಪಿನ ಹೊತ್ತಿಗೆ ನನ್ನನ್ನು ಮತ್ತೆ ಕರೆಸಿದರು. 437ಎ ಬಾಂಡು ಎಂದರು. ತೀರ್ಪು ಏನೇ ಬರಲಿ, ಅದರ ಮೇಲೆ ಯಾರಾದರೂ ಅಪೀಲು ಹೋದರೆ ಮೇಲಿನ ಕೋರ್ಟಿನಲ್ಲಿ ಆರೋಪಿ ಹಾಜರಾಗಲಿ ಎಂದು ಬರೆಸಿಕೊಳ್ಳುವ ಬಾಂಡು ಅದು. ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಖುಲಾಸೆ ಆದವರೂ ಬರೆದುಕೊಡಬೇಕು, ಯಾಕೆಂದರೆ ಸರ್ಕಾರವೂ ಅಪೀಲು ಹೋಗಬಹುದಲ್ವಾ?

ತೀರ್ಪಿನ ದಿನವನ್ನು ನಾನು ಮರೆಯುವುದಿಲ್ಲ. 307 ಸಾಬೀತಾಗಲಿಲ್ಲ. ಆದರೆ ಆಯುಧದಿಂದ ಗಾಯ ಮಾಡಿದ 324ರ ಆರೋಪ ನಿಂತಿತು. ಮೂವರೂ ಅಪರಾಧಿಗಳು ಎಂದು ಓದಿದ ಕೂಡಲೇ ಪೇದೆಯೊಬ್ಬರು ಬಂದು ಅಳಿಯನ ಪಕ್ಕ ನಿಂತರು. ಅಷ್ಟು ವರ್ಷ ಕೋರ್ಟಿನಿಂದ ಕೋರ್ಟಿಗೆ ಜೊತೆಗೆ ಬಂದಿದ್ದ ಬೇಲ್ ಆ ಗಳಿಗೆಗೆ ಮುಗಿದಿತ್ತು. ಶಿಕ್ಷೆ ಎಷ್ಟು ಎಂಬುದರ ಮೇಲೆ ವಾದ ಆಯಿತು. ಒಂದು ವರ್ಷ ಸಜೆ, ಜೊತೆಗೆ ದಂಡ. ಮೊದಲು ಜೈಲಿನಲ್ಲಿದ್ದ ದಿನಗಳನ್ನು ಅದರಲ್ಲಿ ಕಳೆಯುತ್ತಾರೆ.

ಆ ಮಧ್ಯಾಹ್ನ ಅಕ್ಕ ಕಾರಿಡಾರಿನ ಗೋಡೆಗೆ ಒರಗಿ ಕೂತಿದ್ದಳು. ಒಳಗೆ ಅಳಿಯ ನಿಂತೇ ಇದ್ದ. ಅವನನ್ನು ಮುಟ್ಟಿ ಮಾತಾಡಿಸಲು ಬಿಡಲಿಲ್ಲ. ವಕೀಲರು ಮೊದಲೇ ತಯಾರು ಮಾಡಿಟ್ಟಿದ್ದ ಅರ್ಜಿಯನ್ನು ತಕ್ಷಣ ಕೊಟ್ಟರು. ಸಿಆರ್‌ಪಿಸಿ 389ರ ಮೂರನೇ ಉಪವಿಭಾಗ. ಬೇಲಿನ ಮೇಲಿದ್ದವನಿಗೆ ಮೂರು ವರ್ಷದೊಳಗಿನ ಸಜೆ ಆದರೆ, ಅಪೀಲು ಹೋಗುತ್ತೇನೆ ಎಂದು ಹೇಳಿದರೆ, ಶಿಕ್ಷೆ ಕೊಟ್ಟ ಕೋರ್ಟೇ ಅವನನ್ನು ಅಪೀಲಿಗೆ ಬೇಕಾದಷ್ಟು ಕಾಲ ಬೇಲಿನ ಮೇಲೆ ಬಿಡಬೇಕು. ಬಿಡದಿರಲು ವಿಶೇಷ ಕಾರಣ ಬೇಕು. ತಾರೀಖಿಗೆ ತಪ್ಪದೆ ಬಂದವನು ಎಂಬ ದಾಖಲೆ ಆ ಹೊತ್ತಿಗೆ ಕೆಲಸಕ್ಕೆ ಬಂತು. ಮಾವ ಓಡಿಹೋಗಿ ದಂಡ ಕಟ್ಟಿ ರಸೀದಿ ತಂದರು. ನಾನು ಹೊಸ ಪಹಣಿ ತಂದಿದ್ದೆ, ವಕೀಲರು ತರಲು ಹೇಳಿದ್ದರು. ಮತ್ತೊಂದು ಬಾಂಡಿಗೆ ಸಹಿ ಹಾಕಿದೆ. ಸಂಜೆ ಕೋರ್ಟು ಏಳುವ ಹೊತ್ತಿಗೆ ಅಳಿಯನನ್ನು ಬಿಟ್ಟರು.

ಮೂರು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಆಗಿದ್ದರೆ ಈ ದಾರಿ ಸಿಗುತ್ತಿರಲಿಲ್ಲ. ಅವನು ಅಂದೇ ಜೈಲಿಗೆ ಹೋಗಿ, ಹೈಕೋರ್ಟಿನಿಂದ ಆದೇಶ ಬರುವವರೆಗೆ ಅಲ್ಲೇ ಇರಬೇಕಾಗುತ್ತಿತ್ತು. ಊರಿನವರು ಹೆದರಿದ್ದರಲ್ಲ, ಆ ಹೆದರಿಕೆಗೆ ನಿಜವಾದ ಜಾಗ ಇದು. ಕಮಿಟ್ ಆದ ದಿನಕ್ಕೆ ಹೆದರುವವರು ತೀರ್ಪಿನ ದಿನಕ್ಕೆ ಏನೂ ತಯಾರಿ ಇಲ್ಲದೆ ಬರುತ್ತಾರೆ. ಪಹಣಿ ಇರುವುದಿಲ್ಲ, ದಂಡದ ದುಡ್ಡು ಇರುವುದಿಲ್ಲ, ಜಾಮೀನುದಾರ ಊರಿನಲ್ಲಿರುತ್ತಾನೆ.

ಸೆಷನ್ಸ್ ಕೋರ್ಟಿನ ಇಂಥ ತೀರ್ಪಿನ ಮೇಲೆ ಅಪೀಲು ಹೈಕೋರ್ಟಿಗೆ. ಅರವತ್ತು ದಿನದೊಳಗೆ ಹಾಕಬೇಕು. ಸಜೆ ಆದವನಿಗೆ ತೀರ್ಪಿನ ಒಂದು ನಕಲನ್ನು ಕೋರ್ಟು ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇರುವುದು ನಮ್ಮಂಥವರಿಗೆ ಎಷ್ಟು ದೊಡ್ಡ ಅನುಕೂಲ ಎಂಬುದು ಅಂದು ಗೊತ್ತಾಯಿತು. 2008ರಲ್ಲಿ ಸಂಚಾರಿ ಪೀಠವಾಗಿ ಬಂದು, 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮೊದಲು ಬೀದರ್, ಕಲಬುರಗಿಯವರು ರಾತ್ರಿಯಿಡೀ ರೈಲಿನಲ್ಲಿ ಕೂತು ಬೆಂಗಳೂರಿಗೆ ಹೋಗಬೇಕಿತ್ತು. ಈಗ ನಾನು ಬೆಳಿಗ್ಗೆ ಹುಮನಾಬಾದಿನಲ್ಲಿ ಹತ್ತಿ, ಕಮಲಾಪುರ ದಾಟಿ, ಕೋರ್ಟು ಶುರುವಾಗುವ ಮೊದಲೇ ತಲುಪುತ್ತೇನೆ.

ಹೈಕೋರ್ಟು ಅಪೀಲು ತೆಗೆದುಕೊಂಡು ಸಜೆಯನ್ನು ತಡೆಹಿಡಿಯಿತು. ಬಾಂಡನ್ನು ಮಾತ್ರ ಮತ್ತೆ ಸೆಷನ್ಸ್ ಕೋರ್ಟಿನಲ್ಲೇ ಬರೆದುಕೊಟ್ಟೆವು. ಶಿಕ್ಷೆಯ ದಿನ ಬರೆದದ್ದು ಅಪೀಲು ಹಾಕುವವರೆಗಿನದು, ಇದು ಅಪೀಲು ಮುಗಿಯುವವರೆಗಿನದು. ಹೈಕೋರ್ಟಿನ ಪ್ರತಿ ತಾರೀಖಿಗೂ ಅಳಿಯ ಹೋಗಬೇಕಾಗಿಲ್ಲ, ವಕೀಲರು ನೋಡಿಕೊಳ್ಳುತ್ತಾರೆ. ಕರೆದರೆ ಮಾತ್ರ ಹೋಗಬೇಕು.

ಈಗ ಹೊಸದಾಗಿ ಕೇಸು ಬಿದ್ದವರಿಗೆ ಈ ಸೆಕ್ಷನ್ ನಂಬರುಗಳು ಬದಲಾಗಿವೆ. 2024ರ ಜುಲೈ 1ರಿಂದ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕಮಿಟ್ ಮಾಡುವ 209 ಈಗ 232. ಬಾಂಡಿನ 441 ಈಗ 485. ತೀರ್ಪಿನ ಹೊತ್ತಿನ 437ಎ ಈಗ 481. ಶಿಕ್ಷೆ ತಡೆಹಿಡಿಯುವ 389 ಈಗ 430. ಕಮಿಟ್ ಮಾಡುವ ಕೆಲಸವನ್ನು ತೊಂಬತ್ತು ದಿನದಲ್ಲಿ ಮುಗಿಸಬೇಕು, ಕಾರಣ ಬರೆದರೆ ನೂರ ಎಂಬತ್ತು ದಿನದವರೆಗೆ ಹೋಗಬಹುದು ಎಂದು ಹೊಸ ಕಾನೂನಿನಲ್ಲಿ ಸೇರಿಸಿದ್ದಾರೆ. ಬಾಂಡಿನ ಮೂಲ ಮಾತು ಬದಲಾಗಿಲ್ಲ.

ಅಪೀಲು ಇನ್ನೂ ನಡೆಯುತ್ತಿದೆ. ಗೆದ್ದರೆ ನನ್ನ ಬಾಂಡು ಬಿಡುಗಡೆ ಆಗುತ್ತದೆ. ಸೋತರೆ ಅಳಿಯ ಸೆಷನ್ಸ್ ಕೋರ್ಟಿಗೆ ಶರಣಾಗಿ ಉಳಿದ ಸಜೆ ಮುಗಿಸಬೇಕು. ಅಂದು ಅವನನ್ನು ಕರೆದುಕೊಂಡು ಹೋಗಿ ನಿಲ್ಲಿಸುವುದು ನನ್ನ ಜವಾಬ್ದಾರಿ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ. "ಆಯ್ತು ಮಾಮಾ, ನೀ ಕರೆಯೋದು ಬ್ಯಾಡ, ನಾನೇ ಬರ್ತೀನಿ" ಎಂದಿದ್ದಾನೆ.